ಕುರಿಗಳದ್ದೆಂದು ಬಿಟ್ಟ ಡೇಟಾಬೇಸ್

ನನ್ನಿವಾಳದ ಕುರಿರೊಪ್ಪಗಳಲ್ಲಿ ಈ ಸಂಗತಿಯನ್ನು ಹೇಳುವವರು ಕುರಿಗಾಹಿ ದೊಡ್ಡೀರಪ್ಪನ ಜ್ವರದಿಂದ ತೊಡಗುತ್ತಾರೆ; ಚಳ್ಳಕೆರೆಯಲ್ಲಿ ಹೇಳುವವರು ಸರ್ವಮಂಗಳಳ ಅವಸರದಿಂದ. ಎರಡನೆಯದೇ ಸರಿಯಾದ ಆರಂಭ.

ಸರ್ವಮಂಗಳ ಚಳ್ಳಕೆರೆಯ ಶೇಂಗಾ ಎಣ್ಣೆಮಿಲ್ಲಿನವರ ಮನೆಮಗಳು, ನರ್ಸಿಂಗ್ ಕಾಲೇಜೊಂದರ ಅಧ್ಯಾಪಕಿ. ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಕುರಿಗಾಹಿಗಳಿಗೆ ಬರುವ ಜ್ವರಗಳ ಬಗ್ಗೆ ಈವರೆಗೆ ಯಾರು ಏನು ಬರೆದಿದ್ದಾರೆಂದು ಹುಡುಕಿಕೊಡುವ ಕೆಲಸವನ್ನು ಒಂದು ಆರೋಗ್ಯ ಯೋಜನೆಯವರು ಅವಳಿಗೆ ಒಪ್ಪಿಸಿದ್ದರು. ಲೇಖನಗಳನ್ನು ಕೂಡಿಟ್ಟ ಎರಡು ವೈದ್ಯಕೀಯ ಡೇಟಾಬೇಸ್‌ಗಳನ್ನು ಆರಿಸಿಕೊಂಡು, ಅಷ್ಟಕ್ಕೇ ಕೈತೊಳೆದುಕೊಳ್ಳುವುದರಲ್ಲಿದ್ದಳು. ಗ್ರಂಥಪಾಲಕ ಓಬಳೇಶ ತಡೆದು ಕೇಳಿದ.

“ಮೇಡಂ, ಪಶುವೈದ್ಯದ್ದೂ ಒಂದು ಐತೆ. ನೋಡಲ್ವಾ?”

“ನಾನೇನು ಕುರಿಗೆ ಥರ್ಮಾಮೀಟರ್ ಇಡಕ್ಕೆ ಹೋಗ್ತಿದೀನಾ ಓಬಳೇಶ?”

ಸುತ್ತ ಕುಳಿತವರು ನಕ್ಕರು. ಅವಳ ವರದಿಯಲ್ಲಿ ಒಂದು ಸಾಲಿತ್ತು: ಕಂದು ಹಾಕಿದ, ಎಂದರೆ ಗರ್ಭ ಕಳೆದುಕೊಂಡ, ಕುರಿಯನ್ನು ಮುಟ್ಟಿದವರಿಗೆ ತಗಲುವ ಬ್ರುಸೆಲ್ಲಾ ಜ್ವರವು ಈ ಸೀಮೆಯ ಜನರಲ್ಲಿ ಕಂಡ ದಾಖಲೆ ಯಾವುದೂ ಇಲ್ಲ. ಆ ಸಾಲನ್ನು ನಂಬಿ ಯೋಜನೆಯವರು ತಮ್ಮ ಕೈಪಿಡಿಯಿಂದ ಆ ಜ್ವರದ ರಕ್ತಪರೀಕ್ಷೆಯನ್ನೇ ಬಿಟ್ಟರು. ಕೈಪಿಡಿ ಇಪ್ಪತ್ತಮೂರು ಊರುಗಳ ಆರೋಗ್ಯ ಕಾರ್ಯಕರ್ತೆಯರ ಕೈಸೇರಿತು.

ಎಂಟು ತಿಂಗಳ ಮೇಲೆ, ಅದು ಹೇಗೆ ಬಳಕೆಯಾಗುತ್ತಿದೆಯೆಂದು ಕೇಳಲು ಅವಳು ನನ್ನಿವಾಳಕ್ಕೆ ಹೋದಳು. ದೊಡ್ಡೀರಪ್ಪ ರೊಪ್ಪದ ಬೇಲಿಗೊರಗಿ, ಉರಿಬಿಸಿಲಲ್ಲೂ ಕಂಬಳಿ ಹೊದ್ದು ಕುಳಿತಿದ್ದ. ಜ್ವರ ಬರುವುದು, ಬೆವರಿ ಬಿಡುವುದು, ಮತ್ತೆ ಬರುವುದು. ಟೈಫಾಯಿಡ್ ಎಂದು ಮೂರು ಸಲ ಔಷಧಿಯಾಗಿತ್ತು. ಸೊಂಟ ಹಿಡಿದು, ಕುರಿಯ ಹಿಂದೆ ನಾಲ್ಕು ಹೆಜ್ಜೆ ಹಾಕಲಾರದವನಾಗಿದ್ದ.

“ಬೇರೆ ರಕ್ತಪರೀಕ್ಷೆ ಏನಾದ್ರೂ ಮಾಡಿದ್ರಾ?” ಎಂದಳು.

“ಆರೇಳು ವರ್ಸದ ಹಿಂದೆ ಮಾಡಿದ್ರು,” ಎಂದಳು ಅವನ ಹೆಂಡತಿ ಪಾತಮ್ಮ. “ವರವು ಕಾವಲ್ ತಾವ ಮೇಯ್ಸೋವಾಗ ಕುರಿ ಎಲ್ಲಾ ಕಂದು ಹಾಕ್ತಿದ್ವು. ದನದ ಡಾಕ್ಟ್ರು ಬಂದು ಕುರಿದೂ ತಗಂಡ್ರು, ನಮ್ಮೋರದೂ ತಗಂಡ್ರು. ಬರೆದು ಅಚ್ಚು ಹಾಕಿಸ್ತೀವಿ ಅಂದ್ರು.”

“ಸೂಜಿ ಟಗರಿಗೆ ಮೊದ್ಲು, ನಂಗೆ ಆಮ್ಯಾಕೆ,” ಎಂದು ದೊಡ್ಡೀರಪ್ಪ ನಕ್ಕ. “ಮರ್ವಾದೆ ಎಲ್ಲಾ ಟಗರಿಗೇಯ. ಕಾಯಿಲೇನೂ ಆಗ ಅದಕ್ಕೇ ಇತ್ತು, ನಂಗಿರ್ಲಿಲ್ಲ.”

ಸರ್ವಮಂಗಳಳಿಗೆ ನಗು ಬರಲಿಲ್ಲ.

ಅಂದು ಮಧ್ಯಾಹ್ನವೇ ಓಬಳೇಶ ಪಶುವೈದ್ಯದ ಡೇಟಾಬೇಸ್ ತೆರೆದುಕೊಟ್ಟ. ಹುಡುಕಿದ ಪಟ್ಟಿಯ ಮೂರನೆಯ ಸಾಲಿನಲ್ಲೇ ಆ ಲೇಖನವಿತ್ತು: ಈ ಎರಡೂ ತಾಲ್ಲೂಕುಗಳ ಅರವತ್ತೆರಡು ಕುರಿಗಾಹಿಗಳು, ಅವರಲ್ಲಿ ಹನ್ನೊಂದು ಮಂದಿಗೆ ಬ್ರುಸೆಲ್ಲಾ. ಮರುಕಳಿಸುವ ಜ್ವರವಿದ್ದವರಿಗೆ ಈ ಪರೀಕ್ಷೆ ತಪ್ಪಬಾರದೆಂಬ ಸಲಹೆ. ಹುಡುಕಲು ಹಿಡಿದದ್ದು ಒಂದು ಲೋಟ ಚಹಾ ಆರುವಷ್ಟು ಹೊತ್ತು. ಓಬಳೇಶ ‘ಅವತ್ತೇ ಹೇಳಿದ್ದೆ’ ಎಂದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವನು ಹಾಳೆಗಳ ಅಂಚು ಸರಿಮಾಡಿ ಕೈಗಿಟ್ಟ, ಅಷ್ಟೆ.

ಯೋಜನೆಯವರಿಗೆ ಪತ್ರ ಬರೆಯುವುದು ಕಷ್ಟವಾಗಲಿಲ್ಲ. ಅಲ್ಲಿ ‘ಅಧ್ಯಯನದ ಮಿತಿ’ ಎಂಬ ಮರ್ಯಾದೆಯ ಮಾತೊಂದು ಸಿಕ್ಕಿತು. ದೊಡ್ಡೀರಪ್ಪನ ರಕ್ತ ಪರೀಕ್ಷೆ ಮಾಡಿಸಿ, ಬ್ರುಸೆಲ್ಲಾ ಇದೆಯೆಂದು ತಿಳಿದು, ವೈದ್ಯರು ಬರೆದ ಆರು ವಾರದ ಮಾತ್ರೆ ಹಿಡಿದು ಅವನ ರೊಪ್ಪಕ್ಕೆ ಹೊರಟಾಗ ಅಂಥ ಮಾತು ಯಾವುದೂ ಒದಗಲಿಲ್ಲ. ನಾಲಿಗೆಯ ತುದಿಯಲ್ಲಿ ಒಂದು ಸುಳ್ಳು ಮಾತ್ರ ಸಿದ್ಧವಿತ್ತು.

“ಈ ಪರೀಕ್ಷೆ ಈಗ ಹೊಸದಾಗಿ ಬಂದಿದ್ದಾ ಮೇಡಮ್ಮಾ?” ಎಂದು ಪಾತಮ್ಮನೇ ಆ ಸುಳ್ಳಿಗೆ ದಾರಿ ಮಾಡಿಕೊಟ್ಟಳು.

“ಇಲ್ಲ. ಮೊದ್ಲೇ ಇತ್ತು. ನಿಮ್ಮ ರಕ್ತ ತಗೊಂಡೋರು ಎಲ್ಲಾ ಬರೆದಿಟ್ಟಿದ್ರು. ಕುರಿದು ಅಂತ ನಾನೇ ಅಲ್ಲಿ ಹುಡುಕ್ಲಿಲ್ಲ. ಎಲ್ಲೂ ಇಲ್ಲ ಅಂತ ಬರೆದುಕೊಟ್ಟೆ. ಅದಕ್ಕೇ ನಿಮಗ್ಯಾರೂ ಪರೀಕ್ಷೆ ಮಾಡ್ಲಿಲ್ಲ.”

ದೊಡ್ಡೀರಪ್ಪ ಕಂಬಳಿಯನ್ನು ಹೆಗಲ ಮೇಲೆ ಎಳೆದುಕೊಂಡ. “ತಪ್ಪಿಸ್ಕಂಡ ಕುರಿ ಹುಡುಕಾಕೆ ಒಂದೇ ಹಳ್ಳ ಇಳಿದು, ಆ ಕುರಿ ಹುಟ್ಟೇ ಇರ್ಲಿಲ್ಲ ಅಂದಂಗಾತು,” ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಅದು ಅವಳಿಗೆ ಇನ್ನೂ ಚುಚ್ಚಿತು. ಕಣ್ಣು ತುಂಬಿಬಂತು.

“ಆ ಪುಸ್ತಕ ಎಷ್ಟೂರಿಗೆ ಹೋಗೈತೆ?” ಎಂದಳು ಪಾತಮ್ಮ.

“ಇಪ್ಪತ್ಮೂರು.”

“ಅಲ್ಲೂ ಹಿಂಗೇ ಮಲಗಿರೋರು ಅವ್ರೆ. ನೀವಿಲ್ಲಿ ಕುಂತ್ಕಂಡು ಅತ್ರೆ ಅವ್ರಿಗೇನ್ ಬಂತು? ಏಳ್ರಿ.”

ಮಾರನೆಯ ದಿನ ಮೊಳಕಾಲ್ಮೂರಿನ ಕಡೆಯ ಮೊದಲ ರೊಪ್ಪದಲ್ಲಿ ಅವಳನ್ನು ಬಲ್ಲವರು ಯಾರೂ ಇರಲಿಲ್ಲ. ಏನನ್ನೂ ಹೇಳದೆ, ಬರಿಯ ರಕ್ತ ತೆಗೆಸಿ, ಒಳ್ಳೆಯವಳೆನಿಸಿಕೊಂಡು ಬರಬಹುದಿತ್ತು. “ಎವರಮ್ಮಾ ನುವ್ವು?” ಎಂದು ಮುದುಕಿಯೊಬ್ಬಳು ತೆಲುಗಿನಲ್ಲಿ ಯಾರೆಂದು ವಿಚಾರಿಸಿದಳು. ಸರ್ವಮಂಗಳ ನೆಲದ ಮೇಲೆ ಕುಳಿತು, ಕಾಲೇಜಿನ ಹೆಸರನ್ನು ನುಂಗಿಕೊಂಡು, ಮೊದಲು ತಾನು ಮಾಡಿದ್ದನ್ನು ಹೇಳತೊಡಗಿದಳು.