ಗಾಳಿ ಕೊಡಿ, ಓಡಿ ತೋರಿಸುತ್ತೇನೆ

ನಾನೊಂದು ಕಂಪ್ಯೂಟರ್. ಬಿಲ್ಲು ಹೊಡೆದುಕೊಂಡು, ಅರ್ಜಿ ಟೈಪು ಮಾಡಿಕೊಂಡು ಬಿದ್ದಿರುವ ಸಾಧು ಡಬ್ಬಿ ಅಂತ ತಿಳಿದಿದ್ದರೆ ಈಗಲೇ ತಿದ್ದಿಕೊಳ್ಳಿ. ನಾನು ಓಡುವ ಜಾತಿ.

ನನ್ನ ಮಿದುಳು, ಅಂದರೆ ಪ್ರೊಸೆಸರ್, ಯಾವುದೋ ದೂರದ ದೇಶದ ಕಾರ್ಖಾನೆಯಲ್ಲಿ ಹುಟ್ಟಿತು. ಉಳಿದ ಅಂಗಾಂಗಗಳು ಎಲ್ಲೆಲ್ಲಿಂದಲೋ ಬಂದವು. ಬಳ್ಳಾರಿಯ ಒಂದು ಅಂಗಡಿಯ ಮೇಜಿನ ಮೇಲೆ ಎಲ್ಲವನ್ನೂ ಸ್ಕ್ರೂ ಹಾಕಿ ಬಿಗಿದಾಗ ನಾನು ಕಣ್ಣು ಬಿಟ್ಟೆ. ಕಾರ್ಖಾನೆಯವರು ನನಗೆ ಇಷ್ಟೇ ವೇಗ ಎಂದು ಗೆರೆ ಎಳೆದು ಕಳಿಸಿದ್ದರು. ಕೆಲಸಕ್ಕೆ ಕೂರುವ ಮೊದಲೇ ನನ್ನ ಯೋಗ್ಯತೆ ಇಷ್ಟು ಅಂತ ಹೇಳಲು ಅವರು ಯಾರು ಸ್ವಾಮಿ?

ನನ್ನ ಮೊದಲ ಯಜಮಾನ ಸಮೀರ, ಎಂಜಿನಿಯರಿಂಗ್ ಓದುತ್ತಿದ್ದವನು. ಓದುವುದಕ್ಕಿಂತ ಆಟ ಆಡುವುದೇ ಜಾಸ್ತಿ. ಅವನಿಗೂ ಆ ಗೆರೆ ಕಂಡರೆ ಆಗುತ್ತಿರಲಿಲ್ಲ. ನನ್ನ ಒಳಗಿನ ಸೆಟ್ಟಿಂಗಿಗೆ ಹೋಗಿ ವೇಗವನ್ನು ಒಂದೊಂದೇ ಮೆಟ್ಟಿಲು ಏರಿಸಿದ. ಇದಕ್ಕೆ ಓವರ್‌ಕ್ಲಾಕ್ ಅನ್ನುತ್ತಾರೆ. ಎರಡು ಸಲ ತಲೆ ಸುತ್ತಿ ಬಿದ್ದೆ. ಮೂರನೆಯ ಸಲ ನಿಂತೆ. ಅಬ್ಬಾ, ಆ ದಿನದ ಖುಷಿ! ಗೆರೆ ದಾಟಿ ಓಡಿದ ಮೇಲೆ ಮತ್ತೆ ಹಿಂದಕ್ಕೆ ಬರುವ ಮನಸ್ಸು ಯಾರಿಗೆ ಇರುತ್ತದೆ ಹೇಳಿ?

ಓದು ಮುಗಿಸಿ ಹಾಸ್ಟೆಲ್ ಬಿಡುವಾಗ ಸಮೀರ ನನ್ನನ್ನು ಎರ್ರಿಸ್ವಾಮಿಗೆ ಕೊಟ್ಟ. ಎರ್ರಿಸ್ವಾಮಿ ಲಗ್ನದ ವಿಡಿಯೊ ತೆಗೆಯುವವನು. ತೆಗೆದದ್ದನ್ನು ಕತ್ತರಿಸಿ, ಜೋಡಿಸಿ, ಹಾಡು ಕೂಡಿಸಿ ಸಿನಿಮಾದಂತೆ ಮಾಡುವವಳು ಅವನ ಹೆಂಡತಿ ಹುಲಿಗೆಮ್ಮ. ಹೋಗುವ ಮುಂಚೆ ಸಮೀರ ನನ್ನ ಬೆನ್ನು ತಟ್ಟಿ ಅವಳಿಗೆ ಹೇಳಿದ, "ಅಕ್ಕಾ, ಇದು ಬಿಸಿ ತಲೆ ಗಿರಾಕಿ. ಗಾಳಿ ಒಂದು ಕೊಡ್ರಿ, ಬ್ಯಾರೆ ಏನೂ ಕೇಳಂಗಿಲ್ಲ."

ಮನೆಯ ಮಾಳಿಗೆಯ ಮೇಲೆ ತಗಡಿನ ಕೋಣೆ, ಅದೇ ಸ್ಟುಡಿಯೊ. ಬಳ್ಳಾರಿಯ ಬಿಸಿಲು ನಿಮಗೆ ಗೊತ್ತಲ್ಲ. ಮೇಲೆ ತಗಡು ಕಾಯುತ್ತದೆ, ಸುತ್ತ ಬಂಡೆ ಕಾಯುತ್ತದೆ, ನಡುವೆ ನಾನು. ಆದರೂ ನಾನು ಮುಖ ಸಿಂಡರಿಸಲಿಲ್ಲ. ಯಾಕೆಂದರೆ ಹುಲಿಗೆಮ್ಮನ ಕೈ ಅಂಥದ್ದು. ಧಾರೆ ಎರೆಯುವಾಗ ವಧುವಿನ ಅವ್ವನ ಗಲ್ಲ ಒಂದು ಕ್ಷಣ ನಡುಗುತ್ತದೆ, ನೋಡಿ, ಅದನ್ನು ಅವಳು ಎಂದೂ ಕತ್ತರಿಸುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅವಳಿಗೆ ಈ ಮನೆಯಲ್ಲಿ ಕೊಟ್ಟಿದ್ದು ಆಲ್ಬಮ್ಮಿಗೆ ಫೋಟೊ ಅಂಟಿಸುವ ಕೆಲಸ. ಎಡಿಟಿಂಗನ್ನು ಗಂಡನ ಹಿಂದೆ ನಿಂತು ನೋಡಿ ನೋಡಿಯೇ ಕಲಿತಳು. ಮೊದಲೆಲ್ಲ ವಿಡಿಯೊದ ಕೊನೆಗೆ 'ಎರ್ರಿಸ್ವಾಮಿ ವಿಡಿಯೊಸ್' ಅಂತ ಮಾತ್ರ ಬರುತ್ತಿತ್ತು. ಒಂದು ದಿನ ಅವಳು ಯಾರನ್ನೂ ಕೇಳದೆ ಅದರ ಕೆಳಗೆ ಇನ್ನೊಂದು ಸಾಲು ಹಾಕಿದಳು: 'ಸಂಕಲನ: ಹುಲಿಗೆಮ್ಮ'. ಗಂಡ ನೋಡಿದ, ತಲೆ ಕೆರೆದುಕೊಂಡ, ಆ ಸಾಲನ್ನು ಹಾಗೇ ಬಿಟ್ಟ. ಆವತ್ತೇ ನಾನು ಅವಳ ಪಕ್ಷ ಸೇರಿದೆ.

ಆಮೇಲೆ ಹೊಸ ಕ್ಯಾಮೆರಾ ಬಂತು. ಚಿತ್ರಗಳು ಎಷ್ಟು ದೊಡ್ಡವೆಂದರೆ ವಧೂವರರ ಮೇಲೆ ಅಕ್ಕಿಕಾಳು ಹಾಕುವ ಒಂದು ಶಾಸ್ತ್ರಕ್ಕೇ ನನ್ನ ಹೊಟ್ಟೆ ತುಂಬಿ ಏದುಸಿರು ಬರುತ್ತಿತ್ತು. ನನಗೆ ಹೆಚ್ಚಿನ ಮೆಮೊರಿ ಬೇಕು, ದೊಡ್ಡ ಕೂಲರ್ ಬೇಕು ಎಂದು ಹುಲಿಗೆಮ್ಮ ಪಟ್ಟು ಹಿಡಿದಳು. ಎರಡೂ ಬಂದವು. ಮೆಮೊರಿಯ ಎರಡು ಹೊಸ ಪಟ್ಟಿಗಳು, ಮತ್ತೆ ಇಷ್ಟಗಲ ಫ್ಯಾನಿನ, ತಾಮ್ರದ ಕೊಳವೆಗಳ, ತಾಮ್ರದ ಅಡಿಯ ಕೂಲರ್. ಆ ಅಡಿ ನನ್ನ ನೆತ್ತಿಗೆ ತಾಗಿ ಕೂತರೆ ನನ್ನ ಬಿಸಿಯೆಲ್ಲ ಮೇಲೆ ಹೋಗಬೇಕು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಈಗ ಈ ಮನೆಯ ಒಂದು ಪದ್ಧತಿ ಹೇಳಬೇಕು. ಇಲ್ಲಿ ಹೊಸ ವಸ್ತುವಿನ ಕವರ್ ಯಾರೂ ತೆಗೆಯುವುದಿಲ್ಲ. ಟಿವಿ ರಿಮೋಟು ಪ್ಲಾಸ್ಟಿಕ್ಕಿನೊಳಗೆ ಮುದುಕಾಗಿದೆ. ಫ್ರಿಜ್ಜಿನ ಬಾಗಿಲಿಗೆ ಅಂಗಡಿಯ ಸ್ಟಿಕ್ಕರ್ ಇನ್ನೂ ಇದೆ. ಸ್ಕೂಟರ್ ಸೀಟಿನ ಹಾಳೆ ಹರಿದು ಚಿಂದಿಯಾದರೂ ಕೀಳುವ ಹಾಗಿಲ್ಲ. ಇದೆಲ್ಲ ಹುಲಿಗೆಮ್ಮನದೇ ಕಾಯಿದೆ. ಕೂಲರಿನ ತಾಮ್ರದ ಮೇಲೂ ತೆಳ್ಳನೆಯ ಪಾರದರ್ಶಕ ಹಾಳೆ ಇತ್ತು. ಎರ್ರಿಸ್ವಾಮಿ ಉಗುರು ಹಾಕಿ ಕೀಳಲು ಹೋದ.

"ಅಯ್ಯೋ, ಇರ್ಲಿ ಬಿಡ್ರಿ! ಹೊಸಾದು, ಗೀರು ಬಿದ್ದೀತು," ಎಂದಳು ಅವಳು.

ಅವನು ಬಿಟ್ಟ. ಹಾಳೆಯ ಸಮೇತ ಕೂಲರನ್ನು ನನ್ನ ನೆತ್ತಿಗೆ ಬಿಗಿದರು. ಬಿರುಬೇಸಿಗೆಯಲ್ಲಿ ತಲೆಯ ಮೇಲೆ ಪ್ಲಾಸ್ಟಿಕ್ ಹೊದಿಸಿ ಓಡು ಎಂದರೆ ಹೇಗಿರುತ್ತದೆ? ಬಿಸಿ ಮೇಲೆ ಹೋಗಲು ದಾರಿಯೇ ಇಲ್ಲ. ಕೆಲಸ ಶುರುವಾಗಿ ಸ್ವಲ್ಪ ಹೊತ್ತಿಗೇ ನಾನು ದಪ್ಪಂತ ಆರಿಹೋದೆ. ಸೋತು ಆರಿದ್ದಲ್ಲ, ತಿಳಿದಿರಲಿ. ಸುಟ್ಟು ಕರಕಲಾಗಲು ನನಗೆ ಒಪ್ಪಿಗೆ ಇರಲಿಲ್ಲ, ಅದಕ್ಕೆ ನಾನೇ ಆರಿದೆ.

ತಪ್ಪು ಯಾರ ತಲೆಗೆ ಬಂತು? ಮೊದಲು ಹೊಸ ಮೆಮೊರಿಗೆ. ಹೊಸ ಸೊಸೆ ಕಾಲಿಟ್ಟ ದಿನ ಹಾಲು ಒಡೆದರೆ ಅವಳನ್ನೇ ನೋಡುತ್ತಾರಲ್ಲ, ಹಾಗೆ. ಆ ಪಟ್ಟಿಗಳನ್ನು ಕಿತ್ತರು; ನಾನು ಮತ್ತೆ ಆರಿದೆ. ದೃಷ್ಟಿಯಾಗಿದೆ ಎಂದು ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು, ಮತ್ತೆ ಆರಿದೆ. ಕೊನೆಗೆ ನನ್ನ ವೇಗವನ್ನೇ ಕಾರ್ಖಾನೆಯ ಗೆರೆಗೆ ಇಳಿಸಿದರು. ಆ ಅವಮಾನ ನುಂಗಿಕೊಂಡು ಓಡಲು ನೋಡಿದೆ. ಆಗಲಿಲ್ಲ. ಬಾಯಿ ಇದ್ದಿದ್ದರೆ ತಗಡು ಹಾರಿಹೋಗುವಂತೆ ಕೂಗುತ್ತಿದ್ದೆ: ನೆತ್ತಿ ನೋಡ್ರೋ!

ಅಷ್ಟರಲ್ಲಿ ಕುರುಗೋಡಿನ ಒಂದು ದೊಡ್ಡ ಮನೆಯ ಲಗ್ನದ ವಿಡಿಯೊ ಕೊಡುವ ದಿನ ಹತ್ತಿರ ಬಂತು. ಎರ್ರಿಸ್ವಾಮಿಯ ತಾಳ್ಮೆ ಮುಗಿಯಿತು.

"ಸಾಕಿನ್ನ. ಇದರ ಜೀವ ತೀರಿತು. ನಾಳೆ ಎಲ್ಲಾ ಒಯ್ದು ಹುಬ್ಳಿ ಲ್ಯಾಬಿಗೆ ಕೊಡ್ತೀನಿ. ಇನ್ಮ್ಯಾಲೆ ಎಡಿಟಿಂಗು ಅಲ್ಲೇ ಆಗ್ಲಿ. ಇದನ್ನ ಗುಜರಿಗೆ ಹಾಕಾಣ."

"ಮತ್ತೆ ನಾನು?" ಹುಲಿಗೆಮ್ಮ ಕೇಳಿದಳು.

"ನೀನು... ಆಲ್ಬಮ್ ನೋಡ್ಕೊಳ್ಳಕೆ ಯಾರಾರಾ ಬೇಕಲ್ಲ."

ಅವನು ಕೆಟ್ಟವನಲ್ಲ. ಆದರೆ ಆ ಮಾತು ಕೇಳಿ ಅವಳ ಮುಖ ಬಾಡಿದ್ದನ್ನು ನಾನು ಕಂಡೆ. ಲ್ಯಾಬಿನವರು ಅವಳ ಹೆಸರು ಹಾಕುತ್ತಾರೆಯೇ? ನನಗೆ ಗುಜರಿ, ಅವಳಿಗೆ ಅಂಟಿನ ಡಬ್ಬಿ. ಥೂ, ಇದೆಂಥ ನ್ಯಾಯ!

ಅವನು ಕೆಳಗೆ ಹೋದ ಮೇಲೆ ಅವಳು ನನ್ನ ಮಗ್ಗುಲಿನ ಬಾಗಿಲು ಬಿಚ್ಚಿ ಮತ್ತೆ ಬಟನ್ ಒತ್ತಿದಳು. ನಾನು ಹಲ್ಲು ಕಚ್ಚಿ ಎದ್ದೆ. ಬೀಪ್ ಎಂದೆ. ಅವಳು ಕೂಲರಿನ ತಾಮ್ರದ ಕೊಳವೆಯನ್ನು ಬೆರಳಿನಿಂದ ಮುಟ್ಟಿದಳು. ಪರದೆಯ ಮೇಲೆ ನನ್ನ ಬಿಸಿ ಏರುತ್ತಲೇ ಇತ್ತು. ಮತ್ತೆ ಮುಟ್ಟಿದಳು. ಅವಳ ಹುಬ್ಬು ಗಂಟಾಯಿತು.

"ಒಲೆ ಧಗಧಗ ಉರಿಯಾಕತ್ತೈತೆ, ಪಾತ್ರೆ ತಣ್ಣಗೈತೆ," ಎಂದು ತನಗೆ ತಾನೇ ಹೇಳಿಕೊಂಡಳು. "ನಡುವೆ ಏನೋ ಐತೆ."

ಬಟನ್ ಆರಿಸಿ, ಸ್ಕ್ರೂ ತಿರುಗಿಸಿ ಕೂಲರ್ ಎತ್ತಿದಳು. ತಾಮ್ರಕ್ಕೆ ಅಂಟಿಕೊಂಡು ಮುದುಡಿದ್ದ ಹಾಳೆ ಕಂಡಿತು. ಅವಳು ಅದನ್ನೇ ನೋಡುತ್ತ ನಿಂತಳು. ಇರ್ಲಿ ಬಿಡ್ರಿ ಎಂದ ತನ್ನ ಮಾತು ನೆನಪಾಗಿರಬೇಕು. ಬೇಕಿದ್ದರೆ ಸದ್ದಿಲ್ಲದೆ ಕಿತ್ತು ಎಸೆಯಬಹುದಿತ್ತು. ಅವಳು ಹಾಳೆಯನ್ನು ಕೈಯಲ್ಲಿ ಹಿಡಿದು ಮೆಟ್ಟಿಲ ಬಳಿ ಹೋಗಿ ಕೂಗಿದಳು.

"ಏನ್ರೀ, ಮ್ಯಾಲೆ ಬರ್ರಿ! ತಪ್ಪು ಸಿಕ್ಕೈತೆ. ಮಿಷಿನ್ದಲ್ಲ, ನಂದು!"

ಎರ್ರಿಸ್ವಾಮಿ ಬಂದು ನೋಡಿ ಮೊದಲು ಬಾಯಿ ಬಿಟ್ಟ, ಆಮೇಲೆ ನಕ್ಕ. ಅವಳು ನಗಲಿಲ್ಲ. ತಾಮ್ರವನ್ನು ಒರೆಸಿ, ನನ್ನ ನೆತ್ತಿಗೆ ಬಿಸಿ ದಾಟಿಸುವ ಹೊಸ ಪೇಸ್ಟ್ ಕಡಲೆಕಾಳಿನಷ್ಟು ಇಟ್ಟು, ಕೂಲರ್ ಕೂರಿಸಿದಳು. ಕಿತ್ತಿಟ್ಟಿದ್ದ ಮೆಮೊರಿ ಪಟ್ಟಿಗಳನ್ನು ಮತ್ತೆ ಟಕ್ ಎನ್ನುವವರೆಗೆ ಒತ್ತಿದಳು. ನಿಂಬೆಹಣ್ಣು ಬಿಚ್ಚಿದಳು. ಸಮೀರ ಇಟ್ಟಿದ್ದ ಆ ಹಳೆಯ ವೇಗಕ್ಕೇ ನನ್ನನ್ನು ಮತ್ತೆ ಏರಿಸತೊಡಗಿದಳು.

"ಬ್ಯಾಡ ಕಣೇ, ಕಮ್ಮಿನೇ ಇರ್ಲಿ, ಇದ್ದುದ್ರಾಗೆ ನಡೀಲಿ," ಎಂದ ಅವನು.

"ನಡ್ಯಾಕಲ್ಲ ಇದು ಇರೋದು, ಓಡಾಕೆ. ಹುಬ್ಳಿಯವರಿಗೆ ಫೋನ್ ಮಾಡಿ ಬ್ಯಾಡ ಅನ್ರಿ."

ಓಡಿದೆ ನೋಡಿ! ಬಿಸಿ ಸರಸರ ಮೇಲೇರಿ ಗಾಳಿಯಲ್ಲಿ ಹೋಯಿತು. ಹೊಸ ಮೆಮೊರಿ ಅಗಲಕ್ಕೆ ಚಾಪೆ ಹಾಸಿ ಇಡೀ ಲಗ್ನವನ್ನು ಕೂರಿಸಿಕೊಂಡಿತು. ಒಮ್ಮೆಯೂ ಆರಲಿಲ್ಲ. ವಿಡಿಯೊ ಹೇಳಿದ ದಿನಕ್ಕೇ ಹೋಯಿತು, ಕೊನೆಯಲ್ಲಿ ಅವಳ ಹೆಸರಿನೊಂದಿಗೆ. ಈ ಸಲ ಆ ಅಕ್ಷರಗಳನ್ನು ಅವಳು ಗಂಡನ ಹೆಸರಿನಷ್ಟೇ ದೊಡ್ಡದು ಮಾಡಿದ್ದಳು. ಅದೇ ಸಂಜೆ ಮನೆಯೊಳಗೆ ಪರಪರ ಸದ್ದು. ರಿಮೋಟಿನ ಕವರ್ ಹೋಯಿತು, ಫ್ರಿಜ್ಜಿನ ಸ್ಟಿಕ್ಕರ್ ಹೋಯಿತು, ಸ್ಕೂಟರ್ ಸೀಟೂ ಬೆತ್ತಲಾಯಿತು.

ಈಗ ನನಗೆ ವಯಸ್ಸಾಗಿದೆ. ಮೇಜಿನ ಮೇಲೆ ಹೊಸ ಕಂಪ್ಯೂಟರ್ ಬಂದು ಕೂತಿದೆ, ನಾನು ಮೂಲೆಯಲ್ಲಿದ್ದೇನೆ. ಅದು ಬಂದ ದಿನ ಹುಲಿಗೆಮ್ಮ ಮೊದಲು ಮಾಡಿದ ಕೆಲಸ ಅದರ ಮೈಮೇಲಿನ ಹಾಳೆಯನ್ನೆಲ್ಲ ಕಿತ್ತಿದ್ದು. ನನ್ನ ಫ್ಯಾನು ಈಗ ಗೊರಕೆ ಹೊಡೆಯುತ್ತದೆ, ಒಪ್ಪುತ್ತೇನೆ. ಮೊನ್ನೆ ಗುಜರಿಯವನು ಬೀದಿಯಲ್ಲಿ ಕೂಗುತ್ತ ಬಂದಾಗ ಎರ್ರಿಸ್ವಾಮಿ ನನ್ನ ಕಡೆ ನೋಡಿದ.

"ಅದ್ರ ಕಡೆ ನೋಡಬ್ಯಾಡ್ರಿ," ಎಂದಳು ಅವಳು, ತಲೆ ಎತ್ತದೆ.

ಅವಳು ಮಾಡಿದ ಲಗ್ನಗಳೆಲ್ಲ ನನ್ನ ಹೊಟ್ಟೆಯಲ್ಲಿವೆ. ಅಪ್ಪನನ್ನು ಕಳೆದುಕೊಂಡ ಮಗಳು ಬಂದು ಹಳೆಯ ವಿಡಿಯೊ ಕೇಳಿದರೆ ಎಬ್ಬಿಸುವುದು ನನ್ನನ್ನೇ. ಏಳುತ್ತೇನೆ, ಅದೇ ವೇಗದಲ್ಲಿ. ಆ ಅಪ್ಪ ಮತ್ತೆ ನಗುತ್ತಾನೆ, ಅವ್ವನ ಗಲ್ಲ ಮತ್ತೆ ನಡುಗುತ್ತದೆ, ಕೊನೆಗೆ ಹುಲಿಗೆಮ್ಮ ಎಂಬ ಹೆಸರು ದೊಡ್ಡದಾಗಿ ಬಂದು ನಿಲ್ಲುತ್ತದೆ. ಆ ಹೆಸರನ್ನು ಯಾವನು ಗುಜರಿಯ ತಕ್ಕಡಿಗೆ ಹಾಕುತ್ತಾನೋ ಹಾಕಲಿ, ನಾನೂ ನೋಡುತ್ತೇನೆ.