ಚಕ್ರದ ಮೇಲಿನ ಕಪ್ಪು ಪುಡಿ

ಕಾರು ಇರುವ ಮನೆಯಲ್ಲೆಲ್ಲ ಇದನ್ನು ನೋಡಿರುತ್ತೀರಿ. ಬೆಳಿಗ್ಗೆ ಎದ್ದು ಕಾರು ಒರೆಸಿದರೆ ಮೈಯೆಲ್ಲ ಹೊಳೆಯುತ್ತದೆ. ಮುಂದಿನ ಎರಡು ಚಕ್ರ ಮಾತ್ರ ಮಸಿ ಬಳಿದಂತೆ ಕಪ್ಪಗಿರುತ್ತವೆ. ಅದು ರಸ್ತೆಯ ಮಣ್ಣಲ್ಲ. ಬ್ರೇಕ್ ಒತ್ತಿದಾಗಲೆಲ್ಲ ಚಕ್ರದ ಒಳಗಿನ ಕಬ್ಬಿಣದ ತಟ್ಟೆಯನ್ನು ಪ್ಯಾಡ್ ಅಮುಕಿ ಹಿಡಿಯುತ್ತದೆ. ಆಗ ಸವೆದು ಉದುರುವ ಪುಡಿ ಅದು.

ಬಾಡಿಗೆ ಕಾರು ಓಡಿಸುವ ಒಬ್ಬನಿಗೆ ಈ ಪುಡಿಯ ಮೇಲೆ ಬಹಳ ನಂಬಿಕೆ. ಪುಡಿ ಹೆಚ್ಚು ಉದುರಿದಷ್ಟೂ ಬ್ರೇಕ್ ಗಟ್ಟಿ ಎಂದು ತಿಳಿದಿದ್ದ. ಒಂದು ದಿನ ಅವನ ಕಾರಿನ ಬ್ರೇಕ್ ಕಿರ್ರೆನ್ನತೊಡಗಿತು. ರಸ್ತೆಬದಿಯ ಅಂಗಡಿಯಲ್ಲಿ ಅಗ್ಗದ ಪ್ಯಾಡ್ ಕೊಂಡು ಅಕ್ಕನ ಗಂಡನ ಗ್ಯಾರೇಜಿಗೆ ಹೋದ.

ಆ ಭಾವ ಮೂವತ್ತೈದು ವರ್ಷ ಬ್ರೇಕ್ ಕೆಲಸ ಮಾಡಿದವರು. ಈಗ ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿರುತ್ತಾರೆ. ಅಲ್ಲಿಂದ ನಲ್ಲಿಯವರೆಗೆ ನಡೆಯಲು ನಡುವೆ ಎರಡು ಸಲ ನಿಂತು ಉಸಿರೆಳೆದುಕೊಳ್ಳಬೇಕು. ಕೆಲಸವೆಲ್ಲ ಈಗ ಮಗಳದು.

"ಏನ್ ಮಾವ, ನಮ್ಮ ನೆನಪಾಗೋಕೆ ಬ್ರೇಕೇ ಕಿರುಚಬೇಕಾ?" ಎಂದಳು ಮಗಳು.

"ಬಾಯಿ ಮಾತ್ರ ನಮ್ಮಕ್ಕನದೇ ಬಂದಿದೆ ಕಣೇ ನಿಂಗೆ. ತಗೋ, ಇದನ್ನ ಹಾಕು."

ಅವಳು ರಟ್ಟಿನ ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. "ಯಾರು ಮಾಡಿದ್ದು ಅಂತ ಹೆಸರಿಲ್ಲ. ಯಾವ ಕಾರಿಗೆ ಅಂತ ನಂಬರಿಲ್ಲ. ಒಳಗೆ ಏನು ಕಲಸಿದಾರೋ! ಹಳೇ ಮನೆ ಮೇಲಿನ ಶೀಟಲ್ಲಿ ಇರುತ್ತಲ್ಲ ಆಸ್ಬೆಸ್ಟಾಸ್, ಅದು ಇದ್ರೂ ಕಣ್ಣಿಗೆ ಕಾಣಲ್ಲ ಮಾವ. ಕಡಿಮೆ ಧೂಳಿನ ಪ್ಯಾಡ್ ನನ್ನ ಹತ್ರ ಇದೆ, ಅದನ್ನ ಹಾಕ್ತೀನಿ."

"ಧೂಳೇ ಬರದಿದ್ರೆ ಹಿಡಿಯೋದು ಹೆಂಗೆ? ಸೀಮೆಸುಣ್ಣ ಸವೆಯದೆ ಅಕ್ಷರ ಮೂಡುತ್ತಾ?"

"ಬರೋದೇ ಇಲ್ಲ ಅಂದ್ನಾ? ಕಡಿಮೆ ಬರುತ್ತೆ ಅಂದೆ. ಪುಡಿ ಉದುರಿದ್ರೆ ಬ್ರೇಕ್ ಗಟ್ಟಿ ಅಂತೇನೂ ಇಲ್ಲ. ನಿಮ್ಮ ಕಾರಿಗೆ ಹೊಂದೋ ನಂಬರಿಂದು ತಗೊಂಡ್ರೆ ದಿನದ ಓಡಾಟಕ್ಕೆ ಚೆನ್ನಾಗೇ ಹಿಡಿಯುತ್ತೆ. ಭಾರ ಹೊತ್ತು ಬೆಟ್ಟ ಇಳಿಯೋ ಗಾಡಿ ಆದ್ರೆ ಬೇರೆ ನೋಡೋಣ. ನೀವು ಹೊರೋದು ಸ್ಟೇಷನ್ನಿಂದ ಮನೆಗೆ ಹೋಗೋ ಜನಾನ ತಾನೇ?"

"ಪಾಠ ಸಾಕು. ನಾನೇ ಬಿಚ್ಚಿ ಕ್ಲೀನ್ ಮಾಡಿ ಕೊಡ್ತೀನಿ, ನೀನು ನಾನು ತಂದಿದ್ದನ್ನೇ ಕೂರಿಸು."

ಅವನಿಗೂ ಆ ಕೆಲಸ ಗೊತ್ತಿತ್ತು. ಹರೆಯದಲ್ಲಿ ಭಾವನ ಕೈಕೆಳಗೇ ಕಲಿತವನು. ಚಕ್ರ ಬಿಚ್ಚಿದ. ಗಾಳಿಯ ಪೈಪ್ ಎತ್ತಿ, ಕಬ್ಬಿಣ ಹೊಳೆಯುವವರೆಗೆ ಪುಡಿಯನ್ನು ಊದಿದ. ಆ ಗ್ಯಾರೇಜಿನಲ್ಲಿ ಅಚ್ಚುಕಟ್ಟು ಕೆಲಸವೆಂದರೆ ಅದೇ ಆಗಿತ್ತು. ಕಪ್ಪು ಮೋಡವೊಂದು ಎದ್ದು, ಪಕ್ಕದಲ್ಲಿ ಮಂಡಿಯೂರಿ ಕೂತಿದ್ದ ಹುಡುಗಿಯ ಮುಖವನ್ನು ಮುಚ್ಚಿತು.

ಭಾವ ಕುರ್ಚಿಯಿಂದ ಎದ್ದೇಬಿಟ್ಟರು. "ಬೇ..." ಎಂದರು. ಉಳಿದ ಅಕ್ಷರವನ್ನು ಕೆಮ್ಮು ನುಂಗಿತು. ಬಾಗಿಲ ಚೌಕಟ್ಟು ಹಿಡಿದು ಕುಸಿದರು. ತುಟಿ ನೀಲಿಯಾಗಿತ್ತು. ಮಗಳು ಓಡಿ ಬಂದು ಕೂರಿಸಿ ಬೆನ್ನು ನೀವಿದಳು. ಅವರ ಉಸಿರು ಮಾತಾಗಲು ಬಹಳ ಹೊತ್ತು ಹಿಡಿಯಿತು.

"ನೀವೇ ಕಲಿಸಿದ್ದಲ್ವಾ ಭಾವ, ಊದೋದು," ಎಂದ ಅವನು, ಪೈಪ್ ಕೈಯಲ್ಲೇ ಹಿಡಿದು.

"ಹೂಂ, ನಾನೇ. ಪೈಪ್ ಇಲ್ಲದಾಗ ಬಾಯಲ್ಲೇ ಊದ್ತಿದ್ವಿ. ಆಗಿನ ಬ್ರೇಕಲ್ಲಿ ಆಸ್ಬೆಸ್ಟಾಸ್ ಇರ್ತಿತ್ತು, ನಮಗೇನು ಗೊತ್ತು? ಡಾಕ್ಟರು ಎದೆಯ ಫೋಟೋ ತೋರಿಸಿದ್ರು. ಉಸಿರಲ್ಲಿ ಒಳಗೆ ಹೋಗಿದ್ದು ಅಲ್ಲೇ ಕೂತಿದೆಯಂತೆ. ವಾಸಿ ಮಾಡೋ ಮದ್ದಿಲ್ವಂತೆ." ಮತ್ತೆ ಉಸಿರೆಳೆದುಕೊಂಡರು. "ನಂದು ಮುಗೀತು ಕಣಯ್ಯಾ. ಇವಳಿಗೆ ಬರಬಾರದು. ನಿನ್ನ ಹೆಂಡ್ತಿ ದಿನಾ ಆ ಚಕ್ರಾನ ಒಣ ಪೊರಕೆಯಲ್ಲಿ ಗುಡಿಸ್ತಾಳೆ. ಅವಳಿಗೂ ಬರಬಾರದು."

ಅವನು ಪೈಪ್ ಕೆಳಗಿಟ್ಟ. ಅಕ್ಕನ ಮಗಳ ಮುಖ ನೋಡಿದ. ರೆಪ್ಪೆಯ ಮೇಲೂ ಕಪ್ಪು ಪುಡಿ ಕೂತಿತ್ತು.

"ಮುಖ ತೊಳ್ಕೊಂಡು ಬಾರಮ್ಮ. ನಿನ್ನ ಪ್ಯಾಡೇ ಹಾಕು," ಎಂದ.

ಅವಳು ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡಳು. ನೀರು ಸೋಪು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿಟ್ಟಳು. ಎಡಬಲ ಎರಡೂ ಚಕ್ರಕ್ಕೆ ಹೊಸ ಪ್ಯಾಡ್ ಕೂರಿಸಿದಳು.

ಆಮೇಲೆ ಭಾವ ತಮ್ಮ ಫೋನನ್ನು ಅವನ ಕೈಗಿಟ್ಟರು. "ನನ್ನ ಹತ್ರ ಕೆಲಸ ಕಲಿತೋರ ನಂಬರಿದೆ. ಒಬ್ಬೊಬ್ಬರಿಗೂ ಮಾಡಿ ಕೊಡು."

ಎಲ್ಲರಿಗೂ ಅವರು ಹೇಳಿದ್ದು ಇಷ್ಟೇ: "ಊದಬೇಡ. ಒದ್ದೆ ಬಟ್ಟೇಲಿ ಒರೆಸು. ನಾನು ಕಲಿಸಿದ್ದು ತಪ್ಪು."

ಮೊದಲನೆಯವನು ನಕ್ಕ. "ಏನ್ ಗುರುಗಳೇ, ಬೆಳಿಗ್ಗೆ ಬೆಳಿಗ್ಗೆ ತಮಾಷೆ?" ಮೂರನೆಯವನು ಮಾತು ಮಾತಿಗೂ ಕೆಮ್ಮಿದ. ಐದನೆಯ ನಂಬರಿಗೆ ಮಾಡಿದಾಗ ಒಬ್ಬ ಹೆಂಗಸು ಫೋನ್ ಎತ್ತಿದಳು.

"ಅವರು ಹೋಗಿ ಎರಡು ವರ್ಷ ಆಯ್ತಲ್ಲ."

"ಏನಾಗಿತ್ತಮ್ಮ?"

"ಉಸಿರಾಟದ್ದೇ."

ಭಾವ ಫೋನನ್ನು ಮತ್ತೆ ಅವನ ಕೈಗಿಟ್ಟರು. "ಮುಂದಿನದು ಒತ್ತು," ಎಂದರು.

ಬಂಧುಗಳೇ, ಬ್ರೇಕ್ ಪ್ಯಾಡ್ ಬದಲಿಸುವಾಗ ಅವಸರ ಬೇಡ. ಮಾಡಿದವರ ಹೆಸರು ಮತ್ತು ನಿಮ್ಮ ಕಾರಿಗೆ ಹೊಂದುವ ನಂಬರು ಇದೆಯೇ ನೋಡಿ. ಕಡಿಮೆ ಧೂಳಿನದು ಎಂದಷ್ಟೇ ಇದ್ದರೆ ಸಾಲದು, ಆಸ್ಬೆಸ್ಟಾಸ್ ಇಲ್ಲ ಎಂದೂ ಬರೆದಿರಬೇಕು. ಓದಲು ಬಾರದಿದ್ದರೆ ಕೇಳಿ ತಿಳಿಯಿರಿ, ನಾಚಿಕೆ ಬೇಡ. ಎಂಥ ಪ್ಯಾಡ್ ಹಾಕಿದರೂ ಸ್ವಲ್ಪ ಪುಡಿ ಬಂದೇ ಬರುತ್ತದೆ. ಅದನ್ನು ಊದಬೇಡಿ, ಒಣಗಿದ್ದಾಗ ಗುಡಿಸಬೇಡಿ, ಒದ್ದೆ ಮಾಡಿ ಒರೆಸಿ. ನಿಮ್ಮ ಮೆಕ್ಯಾನಿಕ್ ಪೈಪ್ ಎತ್ತಿದರೆ ಕೈ ಹಿಡಿದು ನಿಲ್ಲಿಸಿ.

ಇದನ್ನು ನಿಮಗೂ ಫೋನ್ ಮಾಡಿ ಹೇಳುವಷ್ಟು ಉಸಿರು ಆ ಭಾವನಲ್ಲಿ ಉಳಿದಿಲ್ಲ. ಪಕ್ಕದ ಮನೆಯವರಿಗೆ ನೀವೇ ಹೇಳಿ.