ಹುಳಿಯ ಹದ ಬಲ್ಲವನು

ಕೈಗೆ ಬಂದ ಯಾವ ವಸ್ತುವನ್ನಾದರೂ ಓಂಕಾರಮೂರ್ತಿ ಮೊದಲು ಮೂಗಿಗೆ ಹಿಡಿಯುತ್ತಿದ್ದ. ಬೆಲ್ಲದ ಅಚ್ಚಾದರೂ ಸರಿ, ಹೊಸ ಪಂಚೆಯಾದರೂ ಸರಿ. ಹೆಣ್ಣು ನೋಡಲು ಹೋದಾಗ ಕೊಟ್ಟ ಕಾಫಿಯನ್ನೂ ಮೂಸಿ, "ಹಾಲು ಹೊಗೆ ಹಿಡಿದೈತೆ" ಎಂದು ಮಲ್ಲಿಕಾಂಬಳ ಕಣ್ಣಲ್ಲಿ ನೀರು ತರಿಸಿದ್ದ. ಅದು ನಿಜವೂ ಆಗಿತ್ತಾದ್ದರಿಂದ ಅವಳು ಅವನನ್ನೇ ಮದುವೆಯಾದಳು.

ಎಂಬತ್ತರ ದಶಕದ ಆರಂಭದಲ್ಲಿ ಅವನು ಶಿವನಿ ಸ್ಟೇಷನ್ನಿನ ಆಚೆಗಿನ ಹೊಲದಲ್ಲಿ ಬ್ರಾಯ್ಲರ್ ಕೋಳಿಯ ಶೆಡ್ಡು ಹಾಕಿದಾಗ, ಮಠಕ್ಕೆ ನಡೆದುಕೊಳ್ಳುವ ಮನೆತನದವನು ಹೀಗೆ ಮಾಡಬಹುದೇ ಎಂದು ನಂಟರು ಅವನ ಮನೆಯ ನೀರು ಮುಟ್ಟುವುದನ್ನೇ ಬಿಟ್ಟರು. ಅವನು ಕಿವಿಗೊಡಲಿಲ್ಲ. ತರೀಕೆರೆಯಿಂದ ಅನಾನಸ್ಸಿನ ಸಿಪ್ಪೆ, ಕಡೂರು ಸಂತೆಯಿಂದ ಕಳಿತ ಬಾಳೆಹಣ್ಣು, ಮಾವಿನ ಕಾಲದಲ್ಲಿ ರಸ ಹಿಂಡಿ ಎಸೆದ ಚರಟ, ಎಲ್ಲವನ್ನೂ ಬಸ್ಸಿನ ಮೇಲೆ ಹೇರಿಕೊಂಡು ಬಂದು, ಜಜ್ಜಿ, ಬೆಲ್ಲ ಮಜ್ಜಿಗೆ ಬೆರೆಸಿ, ಡ್ರಮ್ಮುಗಳಲ್ಲಿ ಮುಚ್ಚಿ ಹುಳಿ ಬರಿಸುತ್ತಿದ್ದ. ಅದನ್ನು ಮೇವಿಗೆ ಹಿಡಿಯಷ್ಟು ಕಲಸಿ ಹಾಕಿದರೆ ಮರಿಗಳ ಭೇದಿ ನಿಲ್ಲುತ್ತಿತ್ತು, ಮೈ ತುಂಬುತ್ತಿತ್ತು. ಆದರೆ ಹುಳಿಯ ಹದ ತಿಳಿಯುತ್ತಿದ್ದುದು ಅವನೊಬ್ಬನಿಗೆ. ಮುಚ್ಚಳ ತೆಗೆದು, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದು, "ಇನ್ನೂ ಎಳೇದು" ಎಂದರೆ ಅದೇ ತೀರ್ಪು. ಮೊದಮೊದಲು ಸೆರಗಿನಿಂದ ಮೂಗು ಮುಚ್ಚಿಕೊಂಡೇ ಶೆಡ್ಡಿಗೆ ಬರುತ್ತಿದ್ದ ಮಲ್ಲಿಕಾಂಬ ಕ್ರಮೇಣ ತಾನೇ ಕೋಲು ಹಿಡಿದು ಕದಡತೊಡಗಿದಳು. ನಕ್ಕವರೂ ಕಲಿಯಲು ಬಂದರು. ಚೌಳಹಿರಿಯೂರಿನ ಲಕ್ಕಣ್ಣನಂತೂ ಇವನ ಮಾತಿನ ಮೇಲೆಯೇ ಶೆಡ್ಡು ಕಟ್ಟಿ, ಡ್ರಮ್ಮು ಸಾಲಾಗಿ ಇರಿಸಿದ.

ಒಂದು ಮಳೆಗಾಲ ಓಂಕಾರಮೂರ್ತಿ ವಿಷಮಜ್ವರದಲ್ಲಿ ಮಲಗಿ ಎದ್ದ. ಆಮೇಲೂ ಕಾಫಿಯನ್ನು ಮೂಸುತ್ತಿದ್ದನಾದರೂ ತಕರಾರು ತೆಗೆಯುತ್ತಿರಲಿಲ್ಲ. ಕಾಯಿಲೆ ಗಂಡನನ್ನು ಸಾಧುವಾಗಿಸಿತೆಂದು ಮಲ್ಲಿಕಾಂಬ ಸಂತೋಷಪಟ್ಟಳು.

ಅಂಥ ದಿನಗಳಲ್ಲೇ ಒಂದು ಡ್ರಮ್ಮಿನ ಮುಚ್ಚಳ ತೆಗೆದವಳು ಹಿಂದೆ ಸರಿದಳು.

"ರೀ, ಇದು ಕೆಟ್ಟೈತೆ. ಹಳೇ ಗೋಣಿಚೀಲದಂಗೆ ಮುಗ್ಗುಲು ನಾತ."

ಅವನು ಬಗ್ಗಿ, ಎಂದಿನಂತೆ ಕಣ್ಣು ಮುಚ್ಚಿ ಉಸಿರೆಳೆದ. "ಹದವಾಗೈತೆ. ಈ ವಿಷ್ಯಕ್ಕೆ ನೀನು ಬರಬ್ಯಾಡ ಕಣೇ."

ಅವಳು ಅದನ್ನೇ ಮೇವಿಗೆ ಕಲಸಿದಳು, ಆ ಮೂಗಿನೆದುರು ಯಾರು ತಾನೇ ವಾದಿಸಿಯಾರು!

ವಾರ ಕಳೆಯುವುದರೊಳಗೆ ಕೋಳಿಗಳು ರೆಕ್ಕೆ ಇಳಿಬಿಟ್ಟು, ತೂಕಡಿಸಿ, ಬಿದ್ದಲ್ಲೇ ಸಾಯತೊಡಗಿದವು. ಶೆಡ್ಡು ಖಾಲಿಯಾಯಿತು. ಹೊಲದ ಮೂಲೆಯಲ್ಲಿ ಗುಂಡಿ ತೋಡಿಸಿದರು. ಬಿಸಿಲಿಗೆ ಉಬ್ಬಿದ ರಾಶಿಯ ದುರ್ನಾತಕ್ಕೆ ಲಕ್ಕಣ್ಣ ಟವೆಲ್ಲು ಕಟ್ಟಿಕೊಂಡ, ಅಗೆಯುವವರು ಮುಖ ತಿರುಗಿಸಿದರು, ಮಲ್ಲಿಕಾಂಬ ಸೆರಗು ಒತ್ತಿಕೊಂಡಳು. ಗುಂಡಿಯ ಅಂಚಿನಲ್ಲಿ ಓಂಕಾರಮೂರ್ತಿಯೊಬ್ಬ ಬರಿಮುಖದಲ್ಲಿ, ಹೂದೋಟದಲ್ಲಿ ನಿಂತವನಂತೆ, ನಿರಾಯಾಸವಾಗಿ ಉಸಿರಾಡುತ್ತ ನಿಂತಿದ್ದ. ಅವಳಿಗೆ ಎಲ್ಲವೂ ತಿಳಿದುಹೋಯಿತು.

"ಹೆಂಗಾಯ್ತಣ್ಣ ಇದು? ನನ್ನ ಡ್ರಮ್ಮು ಏನ್ಮಾಡ್ಲಿ?" ಎಂದ ಲಕ್ಕಣ್ಣ.

ಓಂಕಾರಮೂರ್ತಿ ಹೆಂಡತಿಯ ಕಡೆ ನೋಡಲಿಲ್ಲ. "ಹಣ್ಣಿನ ಸಹವಾಸನೇ ಬ್ಯಾಡ ಕಣಪ್ಪ. ಅದೇ ವಿಷ. ಚೆಲ್ಲಿಬಿಡು."

ಲಕ್ಕಣ್ಣ ಹದವಾಗಿ ಘಮಘಮಿಸುತ್ತಿದ್ದ ತನ್ನ ಡ್ರಮ್ಮುಗಳನ್ನೆಲ್ಲ ಅಂದೇ ಹಳ್ಳಕ್ಕೆ ಸುರಿದ. ಆ ಸುತ್ತಮುತ್ತ ಮತ್ತೆ ಯಾರೂ ಸಿಪ್ಪೆ ಹುಳಿ ಬರಿಸಲಿಲ್ಲ.

ಜನರೆಲ್ಲ ಹೋದ ಮೇಲೆ ಮಲ್ಲಿಕಾಂಬ ಕೇಳಿದಳು: "ಜ್ವರ ಬಂದಾಗಿಂದ ನಿಮ್ಗೆ ವಾಸ್ನೆ ಗೊತ್ತಾಗ್ತಿಲ್ಲ, ಅಲ್ವಾ? ಲಕ್ಕಣ್ಣಂಗೆ ಹೇಳ್ಬೋದಿತ್ತಲ್ಲ."

"ಹೇಳಿ, ಆಮೇಲೆ ನಾನು ಯಾರು?" ಎಂದ ಅವನು. ಸಾಯುವವರೆಗೂ ಆ ಮಾತನ್ನು ಮತ್ತೆ ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಒಂದೇ ಒಂದು ವರದ ಮೇಲೆ ಬದುಕು ಕಟ್ಟಿಕೊಂಡವರ ಜಾತಿಯೇ ಹೀಗೆ. ವರ ಕೈಬಿಟ್ಟ ದಿನ ಅವರು, ತಾವು ಬರಿದಾದೆವೆಂದು ಒಪ್ಪುವುದಕ್ಕಿಂತ, ತಮ್ಮ ಜೀವಮಾನದ ಸತ್ಯವನ್ನೇ ಸುಳ್ಳೆಂದು ಸಾರಿ ಹೊರಟುಹೋಗುತ್ತಾರೆ; ಲೋಕ ಅವರನ್ನು ನಂಬುತ್ತದೆ, ಏಕೆಂದರೆ ಅದುವರೆಗೆ ಅವರೆಂದೂ ತಪ್ಪು ಹೇಳಿರುವುದಿಲ್ಲ.